ಇರುವೆ ಗೂಡಿನಲ್ಲೇ ಸಂಸಾರ ಹೂಡುವ ಕಂದು ಮರಕುಟಿಗ

ಪ್ರಶ್ನೆ: ನಮ್ಮದು ಎಚ್.ಡಿ. ಕೋಟೆ ತಾಲ್ಲೂಕು, ಅಂತರಸಂತೆ ಕಡೆ. ಜಮೀನಿನ ಬದುವಿಗೆ ಹತ್ತಿಕೊಂಡೇ ಕಾಡು. ಬದುವಿನ ಮೇಲಿರುವ ಹಳೇ ಮಾವಿನಮರದ ಕವಲಿನಲ್ಲಿ ಕಪ್ಪಿರುವೆಗಳು ಕಂದು ಬಣ್ಣದ ದೊಡ್ಡ ಗೂಡು ಕಟ್ಟಿವೆ. ಕಾಯಿ ಕೀಳಲು ಹತ್ತಿದವರ ಮೈಯೆಲ್ಲ ಕಚ್ಚುತ್ತವೆ. ಈ ಸಲ ಸುಟ್ಟೇ ಬಿಡೋಣ ಅಂದುಕೊಂಡಿದ್ದೆ. ಆದರೆ ಒಂದು ವಾರದಿಂದ ಇಟ್ಟಿಗೆ ಬಣ್ಣದ ಹಕ್ಕಿಯೊಂದು ಆ ಗೂಡಿಗೇ ತೂತು ಕೊರೆದು ಒಳಗೆ ಹೋಗಿ ಬರುತ್ತಿದೆ. ಕೂರುವ ರೀತಿ ನೋಡಿದರೆ ಮರಕುಟಿಗ, ಆದರೆ ತಲೆಯ ಮೇಲೆ ಕೆಂಪು ಜುಟ್ಟಿಲ್ಲ. ನಮ್ಮ ತೆಂಗಿನ ತೋಟಕ್ಕೆ ಬರುವ ಹೊಂಬೆನ್ನಿನ ಮರಕುಟಿಗದ ಮರಿಯೇ ಇದು? ಇರುವೆಗಳು ಇದನ್ನು ಹೇಗೆ ಬಿಟ್ಟುಕೊಂಡಿವೆ? ಗೂಡು ಸುಡಬಹುದೇ? ಪಕ್ಕದ ತೆಂಗಿನ ಮರಗಳಿಗೆ ತೊಂದರೆ ಇದೆಯೇ? ಇರುವೆ ಗೂಡು ತೆಗೆದು, ಬದಲಿಗೆ ಒಂದು ಮರದ ಪೆಟ್ಟಿಗೆ ಕಟ್ಟಿದರೆ ಹಕ್ಕಿ ಅದಕ್ಕೆ ಬಂದೀತೇ?

ಉತ್ತರ: ಮೊದಲು ಆ ಬೆಂಕಿಪೊಟ್ಟಣ ಒಳಗಿಡಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ನೀವು ನೋಡುತ್ತಿರುವುದು ಮರಿಯಲ್ಲ, ಬೆಳೆದ ಹಕ್ಕಿ. ಹೊಂಬೆನ್ನಿನ ಮರಕುಟಿಗವೂ ಅಲ್ಲ, ಬೇರೆಯದೇ ಜಾತಿ. ಇದು ಕಂದು ಮರಕುಟಿಗ, ಇಂಗ್ಲಿಷಿನಲ್ಲಿ ರೂಫಸ್ ವುಡ್‌ಪೆಕರ್, ವೈಜ್ಞಾನಿಕವಾಗಿ ಮೈಕ್ರೋಪ್ಟರ್ನಸ್ ಬ್ರಾಕಿಯೂರಸ್. ಹೊಂಬೆನ್ನಿನದರ ಮರಿ ಗೂಡು ಬಿಟ್ಟು ಹೊರಬರುವಾಗಲೇ ಬೆನ್ನಿಗೆ ಹಳದಿ ಬಣ್ಣ, ಮುಖಕ್ಕೆ ಕಪ್ಪು-ಬಿಳಿ ಗೆರೆ ಬಂದಿರುತ್ತವೆ. ಅಪ್ಪ ಅಮ್ಮನಷ್ಟು ಹೊಳಪು ಇರುವುದಿಲ್ಲ, ಅಷ್ಟೇ. ನಿಮ್ಮ ಹಕ್ಕಿ ತಲೆಯಿಂದ ಬಾಲದವರೆಗೆ ಒಂದೇ ಇಟ್ಟಿಗೆಗಂದು. ರೆಕ್ಕೆ ಮತ್ತು ಬಾಲದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ, ಕೊಕ್ಕು ಗಿಡ್ಡ ಮತ್ತು ಕಪ್ಪು. ಉದ್ದ ಸುಮಾರು 25 ಸೆಂಟಿಮೀಟರ್, ಅಂದರೆ ಗೊರವಂಕದ ಆಸುಪಾಸು. ಜುಟ್ಟು ಇದೆ, ಆದರೆ ಅದೂ ಕಂದು, ಅದೂ ಚಿಕ್ಕದು, ತಲೆಗೆ ಅಂಟಿಕೊಂಡೇ ಇರುವುದರಿಂದ ದೂರಕ್ಕೆ ಕಾಣುವುದಿಲ್ಲ.

ದುರ್ಬೀನು ಸಿಕ್ಕಿದರೆ ಕಣ್ಣಿನ ಕೆಳಗೆ ನೋಡಿ. ಅಲ್ಲಿ ಸಣ್ಣದೊಂದು ಕೆಂಪು ಮಚ್ಚೆ ಕಂಡರೆ ಗಂಡು, ಇಲ್ಲದಿದ್ದರೆ ಹೆಣ್ಣು. ಇಡೀ ಮೈಯಲ್ಲಿ ಕೆಂಪೆಂದರೆ ಅಷ್ಟೇ. ಹಾರುವಾಗ ಕಂದು ರೆಕ್ಕೆ ಮಾತ್ರ ಕಣ್ಣಿಗೆ ಬೀಳುವುದರಿಂದ ಎಷ್ಟೋ ಜನ ಕೆಂಬೂತ ಅಂದುಕೊಂಡು ಮುಂದೆ ಹೋಗುತ್ತಾರೆ. ಕೆಂಬೂತ ಇದರ ಸುಮಾರು ಎರಡರಷ್ಟು ಉದ್ದದ ಹಕ್ಕಿ, ತಲೆ ಮೈ ಕಪ್ಪು, ಪೊದೆಯಲ್ಲಿ ನೆಲದ ಮಟ್ಟದಲ್ಲಿ ನಡೆದಾಡುತ್ತದೆ. ಮರದ ಬೊಡ್ಡೆಗೆ ಬಾಲ ಊರಿಕೊಂಡು ನೆಟ್ಟಗೆ ಕೂತಿರುವುದು ಕೆಂಬೂತ ಆಗಿರಲು ಸಾಧ್ಯವೇ ಇಲ್ಲ.

ನಿಮ್ಮ ಊರಿನಲ್ಲಿ ಇದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮಂಡ್ಯ, ಮೈಸೂರು ಜಿಲ್ಲೆಗಳನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುತ್ತಾ ಹೋದರೆ ಮರಕುಟಿಗಗಳೂ ಬದಲಾಗುತ್ತಾ ಹೋಗುತ್ತವೆ. ಮಂಡ್ಯದ ತೆಂಗಿನ ತೋಟ, ಶ್ರೀರಂಗಪಟ್ಟಣದ ನಾಲೆ ಬದಿಯ ಮರಗಳು, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ, ಇಲ್ಲೆಲ್ಲ ಹೊಂಬೆನ್ನಿನದೇ ದರ್ಬಾರು. ಮೇಲುಕೋಟೆಯಂಥ ಒಣ ಕುರುಚಲು ಕಾಡಿಗೆ ಹೋದರೆ ತಲೆಯಲ್ಲಿ ಹಳದಿ ಇರುವ ಚಿಕ್ಕ ಮರಕುಟಿಗ, ಕತ್ತಿನ ಹಿಂದೆ ಬಿಳಿ ಪಟ್ಟೆ ಇರುವ ದೊಡ್ಡದು ಇವೆರಡನ್ನು ಹುಡುಕಬಹುದು. ಹುಣಸೂರು, ಎಚ್.ಡಿ. ಕೋಟೆ ದಾಟಿ ನಾಗರಹೊಳೆ ಅಂಚಿಗೆ ಬಂದಿರೋ, ಮಳೆ ಹೆಚ್ಚುತ್ತದೆ. ಈ ಕಾಡಿನಲ್ಲಿ ವರ್ಷಕ್ಕೆ 1,000ದಿಂದ 1,500 ಮಿಲಿಮೀಟರ್ ಬೀಳುತ್ತದೆ. ಮತ್ತಿ, ಹೊನ್ನೆ, ನಂದಿ, ಬೀಟೆ, ತಾರೆ, ದಿಂಡಿಗ, ನಡುನಡುವೆ ಬಿದಿರು ಮೆಳೆ. ಕಂದು ಮರಕುಟಿಗದ ಸೀಮೆ ಇಲ್ಲಿಂದ ಶುರು. ತೇವ ಇರುವ ಎಲೆ ಉದುರುವ ಕಾಡು, ಬಿದಿರು, ಕಾಡಂಚಿನ ತೋಟ, ನೆರಳಿರುವ ಕಾಫಿ ತೋಟ ಇದಕ್ಕೆ ಒಗ್ಗುತ್ತವೆ. ನಿಮ್ಮ ಬದು ಆ ಗಡಿಯ ಮೇಲೇ ಇದೆ. ಮಂಡ್ಯದವರು ಇದನ್ನು ನೋಡಲೇಬೇಕೆಂದರೆ ನಿಮ್ಮ ಕಡೆಗೇ ಬರಬೇಕು.

ಒಟ್ಟಾರೆ ಹೇಳುವುದಾದರೆ ಹಿಮಾಲಯದ ತಪ್ಪಲು, ಪಶ್ಚಿಮ ಘಟ್ಟ, ಶ್ರೀಲಂಕಾ, ಅಲ್ಲಿಂದ ಬರ್ಮಾ, ಮಲಯ, ಜಾವಾ, ಬೋರ್ನಿಯೊವರೆಗೆ ಇದರ ಹರಹು. ಹೆಸರಿಟ್ಟದ್ದು 1818ರಲ್ಲಿ, ಫ್ರಾನ್ಸಿನ ಪಕ್ಷಿವಿಜ್ಞಾನಿ ವಿಯೆಯೊ. ಬಹುಕಾಲ ಇದನ್ನು ದಕ್ಷಿಣ ಅಮೆರಿಕದ ಕೆಲವು ಕಂದು ಮರಕುಟಿಗಗಳ ಕುಲಕ್ಕೇ ಸೇರಿಸಿದ್ದರು. ಬಣ್ಣ ಅದೇ, ಇರುವೆ ತಿನ್ನುವ ಚಟವೂ ಅದೇ. ಈ ಶತಮಾನದ ಮೊದಲ ದಶಕದಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ ಅವಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ, ಇದರ ಬಂಧುಗಳು ಆಗ್ನೇಯ ಏಷ್ಯಾದಲ್ಲೇ ಇದ್ದಾರೆ ಎಂದು ಗೊತ್ತಾಯಿತು. ಎರಡು ಖಂಡಗಳಲ್ಲಿ ಒಂದೇ ಹೊಟ್ಟೆಪಾಡು, ಒಂದೇ ಬಗೆಯ ವೇಷ.

ಈಗ ಇರುವೆಯ ವಿಷಯಕ್ಕೆ ಬರೋಣ. ಈ ಹಕ್ಕಿಯ ಕಥೆಯೆಲ್ಲ ಇರುವೆಯ ಕಥೆಯೇ.

ನಿಮ್ಮ ಮಾವಿನಮರದ ಇರುವೆಗಳು ಕ್ರೆಮೆಟೊಗಾಸ್ಟರ್ ಎಂಬ ಕುಲಕ್ಕೆ ಸೇರಿದವು ಎಂದು ಗೂಡಿನ ವಿವರಣೆಯಿಂದಲೇ ಹೇಳಬಹುದು. ಒಂದು ಸಣ್ಣ ಪರೀಕ್ಷೆ ಮಾಡಿ. ದೂರದಿಂದ ಕೋಲಿನಲ್ಲಿ ಅವು ಓಡಾಡುವ ಕೊಂಬೆಯನ್ನು ಮೆಲ್ಲಗೆ ತಟ್ಟಿ (ಗೂಡನ್ನಲ್ಲ, ಅದನ್ನು ಈಗ ಮುಟ್ಟುವ ಹಾಗಿಲ್ಲ). ಇರುವೆಗಳು ಓಡಿಬಂದು ಹಿಂಭಾಗವನ್ನು ಮೇಲೆತ್ತಿ ತಲೆಯ ಮೇಲಕ್ಕೆ ಬಗ್ಗಿಸುತ್ತವೆ. ಆ ಹಿಂಭಾಗ ಮೇಲಿನಿಂದ ನೋಡಿದರೆ ಹೃದಯದ ಆಕಾರ, ತುದಿ ಚೂಪು. ಆ ತುದಿಯಲ್ಲಿ ಒಂದು ಹನಿ ವಿಷ ನೊರೆಯಂತೆ ಬಂದು ನಿಲ್ಲುತ್ತದೆ. ಬೇರೆ ಇರುವೆಗಳ ಹಾಗೆ ಅದನ್ನು ಚುಚ್ಚುವುದಿಲ್ಲ, ಶತ್ರುವಿನ ಮೈಗೆ ಸವರುತ್ತವೆ. ಚಿಕ್ಕ ಹುಳಗಳಿಗೆ ಅದು ಸಾಕು. ನಿಮ್ಮ ಕೆಲಸದವರ ಮೈ ಉರಿಯುವುದು ಹೆಚ್ಚಾಗಿ ದವಡೆಯ ಕಡಿತದಿಂದ.

ಗೂಡು ಮಣ್ಣಿನದಲ್ಲ. ಒಣಗಿದ ತೊಗಟೆ, ಎಲೆ, ನಾರನ್ನು ಅಗಿದು ಜೊಲ್ಲಿನಲ್ಲಿ ಕಲಸಿ ಪದರ ಪದರವಾಗಿ ಕಟ್ಟಿದ ರಟ್ಟು ಅದು. ಒಳಗೆಲ್ಲ ಓಣಿಗಳು, ಕೋಣೆಗಳು. ಅವುಗಳಲ್ಲಿ ಮೊಟ್ಟೆ, ಮರಿಹುಳು, ಪೊರೆ ಹುಳು. ಒಂದು ಅಡಿ, ಒಂದೂವರೆ ಅಡಿ ಉದ್ದದ ಗೂಡುಗಳು ನಮ್ಮ ಕಾಡಿನಲ್ಲಿ ಸಾಮಾನ್ಯ. ಈ ರಟ್ಟು ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವಷ್ಟು ಹಗುರ, ಆದರೆ ಮುಂಗಾರಿನ ಮಳೆಗೆ ಕರಗದಷ್ಟು ಗಟ್ಟಿ.

ಮರಕುಟಿಗ ಎಂದ ಕೂಡಲೇ ಒಣಮರ ಕುಟ್ಟಿ ಹುಳ ತೆಗೆಯುವ ಹಕ್ಕಿ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಕಂದು ಮರಕುಟಿಗದ ವಿಷಯದಲ್ಲಿ ಅದನ್ನು ಪಕ್ಕಕ್ಕಿಡಬೇಕು. ಇದರ ಕೊಕ್ಕು ಗಟ್ಟಿಮರ ಒಡೆಯುವ ಸಲಕರಣೆ ಅಲ್ಲ. ಇದು ಬಂದು ಇರುವೆ ಗೂಡಿನ ಹೊರಮೈಗೆ ಕಚ್ಚಿಕೊಂಡು ಕೂತು ನಾಲ್ಕೈದು ಏಟು ಹಾಕುತ್ತದೆ. ರಟ್ಟು ಚೂರುಚೂರಾಗಿ ಉದುರುತ್ತದೆ. ಒಳಗಿನಿಂದ ಕಾವಲಿನ ಇರುವೆಗಳು ಹಿಂಡು ಹಿಂಡಾಗಿ ಹೊರಗೆ ನುಗ್ಗುತ್ತವೆ. ಹಕ್ಕಿ ಜಗ್ಗುವುದಿಲ್ಲ. ಅದಕ್ಕೆ ಬೇಕಾದದ್ದೂ ಅದೇ. ನಾಲಿಗೆ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ, ಅಂಟಿನ ಜೊಲ್ಲಿಗೆ ಇರುವೆಗಳು ಹತ್ತಿಕೊಂಡು ಹೋಗುತ್ತವೆ. ಮರಕುಟಿಗಗಳ ನಾಲಿಗೆಯ ಬುಡದ ಮೂಳೆ ಎರಡು ಕವಲಾಗಿ ತಲೆಬುರುಡೆಯ ಹಿಂದಿನಿಂದ ಸುತ್ತಿಬಂದು ನೆತ್ತಿಯ ಮೇಲೆ ಹಾಯ್ದು ಮೂಗಿನ ಹೊಳ್ಳೆಯ ಹತ್ತಿರದವರೆಗೆ ಬರುತ್ತದೆ. ಅಷ್ಟುದ್ದದ ನಾಲಿಗೆಯನ್ನು ಅಷ್ಟು ಚಿಕ್ಕ ತಲೆಯಲ್ಲಿ ಮಡಚಿಡಲು ಬೇರೆ ದಾರಿ ಇಲ್ಲ.

ಇರುವೆಗಳೇನೂ ಸುಮ್ಮನೆ ತಿನ್ನಿಸಿಕೊಳ್ಳುವುದಿಲ್ಲ. ಹಕ್ಕಿಯ ಕಾಲು, ಹೊಟ್ಟೆ, ಬಾಲಕ್ಕೆ ಹತ್ತಿ ಪುಕ್ಕವನ್ನು ಕಚ್ಚಿ ಹಿಡಿಯುತ್ತವೆ. ಹಕ್ಕಿ ಕೊಡವುತ್ತದೆ, ಕೊಕ್ಕಿನಲ್ಲಿ ಕಿತ್ತೆಸೆಯುತ್ತದೆ. ಮೈ ಹರಿದು ಬೀಳುತ್ತದೆ, ಕಚ್ಚಿಕೊಂಡ ತಲೆ ಮಾತ್ರ ಪುಕ್ಕದಲ್ಲೇ ಉಳಿಯುತ್ತದೆ. ಈ ಹಕ್ಕಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದವರು ಹಿಂದಿನಿಂದಲೂ ಬರೆದಿಟ್ಟಿರುವ ಸಂಗತಿ ಇದು: ಬಾಲದ ಗರಿಗಳ ತುದಿ, ಹೊಟ್ಟೆಯ ಪುಕ್ಕ ಕಪ್ಪು ಅಂಟಿನಿಂದ ಮೆತ್ತಿಕೊಂಡು, ಆ ಅಂಟಿನ ನಡುವೆ ಇರುವೆ ತಲೆಗಳು ಸಾಲಾಗಿ ಸಿಕ್ಕಿಕೊಂಡಿರುತ್ತವೆ. ನಿಮ್ಮ ಹಕ್ಕಿಯ ಬಾಲದ ತುದಿ ಮಸಿ ಮೆತ್ತಿದ ಹಾಗೆ ಕಂಡರೆ ಅದು ಬಣ್ಣವಲ್ಲ, ಕಸುಬಿನ ಗುರುತು.

ಬರೀ ಈ ಕಪ್ಪಿರುವೆಯೇ ಅಲ್ಲ. ಎಲೆಗಳನ್ನು ಹೊಲಿದು ಗೂಡು ಮಾಡುವ ಕೆಂಜಿಗವನ್ನೂ ತಿನ್ನುತ್ತದೆ. ಮಲೆನಾಡಿನವರು ಚಿಗಳಿ ಎಂದು ಚಟ್ನಿ ಅರೆಯುತ್ತಾರಲ್ಲ, ಅದೇ. ಅದು ಆಮ್ಲ ಚಿಮ್ಮುವ ಇರುವೆ, ಆ ಆಮ್ಲ ಕಣ್ಣೊಳಗೆ ಬಿದ್ದರೆ ಗೊತ್ತಾಗುತ್ತದೆ. ಹಕ್ಕಿಗೆ ಅದೂ ಲೆಕ್ಕಕ್ಕಿಲ್ಲ. ಬಿದ್ದ ದಿಮ್ಮಿ, ಗೆದ್ದಲು ಹುತ್ತ, ಸಗಣಿ ಗುಡ್ಡೆಯ ಮೇಲೆಲ್ಲ ಕೂತು ಕೆದಕುವುದುಂಟು. ಅತ್ತಿ, ಆಲದ ಜಾತಿಯ ಹಣ್ಣು ತಿನ್ನುತ್ತದೆ. ಬೂರುಗ ಮತ್ತು ಹಾಲವಾಣ ಹೂ ಬಿಟ್ಟಾಗ ಮಕರಂದ ಕುಡಿಯಲೂ ಬರುತ್ತದೆ. ಚಳಿ ಮುಗಿಯುವ ಹೊತ್ತಿಗೆ ಕಾಕನಕೋಟೆ ಕಡೆ ಹೂಬಿಟ್ಟ ಬೂರುಗದ ಕೆಳಗೆ ನಿಂತರೆ ಗೊರವಂಕ, ಕಾಜಾಣ, ಗಿಳಿಗಳ ಗಲಾಟೆಯ ನಡುವೆ ಇದನ್ನೂ ಹುಡುಕಿ ನೋಡಬಹುದು. ಆದರೆ ಇವೆಲ್ಲ ಬದಿಯ ಪಲ್ಯ, ಊಟ ಇರುವೆಯದೇ.

ಇನ್ನು ನಿಮ್ಮ ಮುಖ್ಯ ಬೆರಗು, ಗೂಡಿನೊಳಗೆ ಗೂಡು. ಹೌದು, ಅದು ಅಲ್ಲಿ ಊಟಕ್ಕಷ್ಟೇ ತೂತು ಕೊರೆದದ್ದಲ್ಲ. ಊಟಕ್ಕೆ ಕೆದಕಿದ ಗುರುತು ಅಂಕುಡೊಂಕು, ಹರಕು. ಈಗ ನೀವು ಹೇಳುತ್ತಿರುವುದು ಒಳಗೆ ಹೋಗಿ ಬರುವಂಥ ದುಂಡನೆಯ ಬಾಗಿಲು. ದಿನಾ ಅದೇ ಬಾಗಿಲಲ್ಲಿ ಓಡಾಟ ಇದೆಯೆಂದರೆ ಒಳಗೆ ಕೋಣೆ ತಯಾರಾಗುತ್ತಿದೆ ಅಥವಾ ಆಗಿದೆ. ಕಂದು ಮರಕುಟಿಗ ಮರಿ ಮಾಡುವುದೇ ಹೀಗೆ, ಕ್ರೆಮೆಟೊಗಾಸ್ಟರ್ ಇರುವೆಗಳು ಬದುಕಿ ಬಾಳುತ್ತಿರುವ ಗೂಡಿನೊಳಗೆ. ನಮ್ಮಲ್ಲಿ ಇದರ ಕಾಲ ಫೆಬ್ರವರಿಯಿಂದ ಜೂನ್, ಅಂದರೆ ಮುಂಗಾರು ಹಿಡಿಯುವ ಮುಂಚಿನ ಒಣ ತಿಂಗಳುಗಳು. ಗಂಡು-ಹೆಣ್ಣು ಎರಡೂ ಸೇರಿ ರಟ್ಟನ್ನು ಕೊರೆದು ಕೋಣೆ ಮಾಡುತ್ತವೆ. ಮೆತ್ತೆ ಗಿತ್ತೆ ಹಾಸುವುದಿಲ್ಲ. ಕೊರೆದ ನೆಲದ ಮೇಲೇ ಸಾಮಾನ್ಯವಾಗಿ ಎರಡು ಮೊಟ್ಟೆ. ಬಿಳಿ, ಹೊಳಪಿಲ್ಲದ್ದು, ಬೆಳಕಿಗೆ ಹಿಡಿದರೆ ಒಳಗಿನದು ಕಾಣುವಷ್ಟು ತೆಳು ಚಿಪ್ಪು. ಕತ್ತಲಲ್ಲಿ ಮೊಟ್ಟೆಯಿಡುವ ಮರಕುಟಿಗಗಳೆಲ್ಲದರ ಮೊಟ್ಟೆಯೂ ಬಿಳಿಯೇ. ಬಣ್ಣ, ಚುಕ್ಕಿ ಬಳಿದು ಬಚ್ಚಿಡುವ ಅಗತ್ಯ ಅಲ್ಲಿಲ್ಲ. ಕಾವು ಕೂರುವುದು ಎರಡೂ, ಮರಿಗೆ ಉಣಿಸುವುದೂ ಎರಡೂ.

ಇರುವೆಗಳು ಬಿಟ್ಟುಕೊಂಡದ್ದು ಹೇಗೆ? ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ವಿವರಣೆ ವಿಜ್ಞಾನದಲ್ಲಿ ಇನ್ನೂ ಬಂದಿಲ್ಲ. ಆದರೆ ಒಂದು ಸುಂದರ ಕಥೆ ನಿಮ್ಮ ಕಿವಿಗೆ ಬೀಳುವ ಮುಂಚೆಯೇ ತಡೆಯುತ್ತೇನೆ. ಇರುವೆ-ಹಕ್ಕಿ ಒಪ್ಪಂದ, ಒಂದಕ್ಕೊಂದು ಸಹಾಯ, ಕಾಡಿನ ಸೌಹಾರ್ದ ಎಂದೆಲ್ಲ ವಾಟ್ಸ್ಆ್ಯಪ್‌ನಲ್ಲಿ ಸುತ್ತುವುದಕ್ಕೆ ಬಹಳ ಚೆನ್ನಾಗಿರುತ್ತದೆ. ಮನೆಯೊಡೆಯನನ್ನೇ ದಿನಾ ತಿನ್ನುವ ಬಾಡಿಗೆದಾರನದು ಯಾವ ಒಪ್ಪಂದ? ಇರುವೆಗೆ ಇದರಿಂದ ಸಿಗುವ ಲಾಭ ಏನೆಂದು ತೋರಿಸಿದವರಿಲ್ಲ. ಗೂಡಿನ ಒಂದು ಭಾಗ ಹಾಳು, ಮರಿಹುಳುಗಳು ಹೊಟ್ಟೆಗೆ ಹೋದವು, ಅದೇ ಅದರ ಪಾಲು.

ಹಕ್ಕಿಯ ಲಾಭ ಮಾತ್ರ ಸ್ಪಷ್ಟ. ಗಟ್ಟಿಮರ ಕೊರೆಯುವ ಕಷ್ಟವಿಲ್ಲ. ಒಣಮರ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಪೊಟರೆಗಾಗಿ ಗಿಳಿ, ಗೊರವಂಕಗಳ ಜೊತೆ ಜಗಳವಿಲ್ಲ, ಏಕೆಂದರೆ ಇರುವೆ ಗೂಡಿಗೆ ಅವು ಬಾಯಿ ಹಾಕುವುದಿಲ್ಲ. ಅಳಿಲು, ಮರ ಹತ್ತುವ ಹಾವು ಆ ಕೊಂಬೆಗೆ ಬಂದರೆ ಸಾವಿರಾರು ಇರುವೆ ಮೈಮೇಲೆ. ಬಾಗಿಲಲ್ಲೇ ಊಟ, ಬಾಗಿಲಲ್ಲೇ ಕಾವಲು. ಮೈಗೆ ಮೆತ್ತಿಕೊಂಡ ಆ ಅಂಟು ಗೂಡಿನದೇ ವಾಸನೆ ಕೊಟ್ಟು ಇರುವೆಗಳನ್ನು ಸುಮ್ಮನಾಗಿಸುತ್ತದೆ ಎಂಬ ತರ್ಕವೂ ಇದೆ. ಇರುವೆಗಳ ಲೋಕದಲ್ಲಿ ನಮ್ಮವರು-ಹೊರಗಿನವರು ಎಂಬ ಗುರುತು ನಡೆಯುವುದೇ ವಾಸನೆಯಿಂದ, ಹಾಗಾಗಿ ಅದು ತಳ್ಳಿಹಾಕುವ ಮಾತಲ್ಲ. ಹಾಗೆಂದು ರುಜುವಾತಾದ ಮಾತೂ ಅಲ್ಲ.

ಸದ್ದಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮುಂದಿನ ವರ್ಷ ನಿಮಗೆ ಉಪಯೋಗಕ್ಕೆ ಬರುತ್ತದೆ. ಹೊಂಬೆನ್ನಿನದು ಹಾರುವಾಗ ಕಿಲಕಿಲ ನಕ್ಕಂತೆ ಕೂಗಿ ತೋಟವನ್ನೆಲ್ಲ ಎಬ್ಬಿಸುತ್ತದೆ. ಇದು ಅಷ್ಟು ಬಾಯಿಬಡುಕ ಅಲ್ಲ. ಮೂಗಿನಿಂದ ಬಂದಂಥ ಚುರುಕಾದ ಮೂರು ಸದ್ದು, ಕೀಂಕ್ ಕೀಂಕ್ ಕೀಂಕ್, ಮತ್ತೆ ಮೌನ. ಇದನ್ನು ತಪ್ಪದೆ ಗುರುತಿಸಬೇಕೆಂದರೆ ಅದು ಮರ ಕುಟ್ಟುವ ತಾಳ ಕೇಳಬೇಕು. ಉಳಿದ ಹಲವು ಮರಕುಟಿಗಗಳು ಒಂದೇ ವೇಗದಲ್ಲಿ ಟರ್ರ್ರ್ ಎಂದು ಬಾರಿಸಿ ನಿಲ್ಲಿಸುತ್ತವೆ. ಇದು ಜೋರಾಗಿ ಶುರುಮಾಡಿ ನಿಧಾನವಾಗುತ್ತಾ, ತಡೆತಡೆದು, ಪೆಟ್ರೋಲ್ ಮುಗಿದ ಬೈಕು ಕೆಮ್ಮಿ ಕೆಮ್ಮಿ ನಿಂತುಹೋದ ಹಾಗೆ ಕೊನೆಯಾಗುತ್ತದೆ. ಒಂದು ಸಲ ಕೇಳಿದರೆ ಮತ್ತೆ ಮರೆಯುವುದಿಲ್ಲ. ಇದು ಊಟಕ್ಕೆ ಕುಟ್ಟುವುದಲ್ಲ, ಇದು ನನ್ನ ಜಾಗ, ನಾನಿಲ್ಲಿದ್ದೇನೆ ಎಂದು ಸಾರುವುದು. ಈ ಹಕ್ಕಿಯ ಇನ್ನೊಂದು ಆಟ ಸಿಕ್ಕರೆ ನೋಡಿ. ಕೊಕ್ಕನ್ನು ಮೇಲಕ್ಕೆತ್ತಿ, ಬಾಲ ಬಿಡಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತದೆ.

ಕುಟ್ಟುವ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡದಾರಿ. ಮರಕುಟಿಗದ ತಲೆಬುರುಡೆಯಲ್ಲಿ ಪೆಟ್ಟು ಹೀರುವ ಸ್ಪಂಜಿನಂಥ ವ್ಯವಸ್ಥೆ ಇದೆ, ಅದನ್ನು ನೋಡಿಯೇ ಹೆಲ್ಮೆಟ್ ಮಾಡಬೇಕು ಎಂದು ಶಾಲೆಯ ಪಾಠದಿಂದ ಯೂಟ್ಯೂಬಿನವರೆಗೆ ಎಲ್ಲ ಕಡೆ ಕೇಳುತ್ತೀರಿ. 2022ರಲ್ಲಿ ಮೂರು ಜಾತಿಯ ಮರಕುಟಿಗಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ ಅಳೆದು ನೋಡಿದಾಗ ಅಂಥದ್ದೇನೂ ಕಾಣಲಿಲ್ಲ. ತಲೆ ಇಡಿಯಾಗಿ ಸುತ್ತಿಗೆಯಾಗಿಯೇ ಕೆಲಸ ಮಾಡುತ್ತದೆ. ಪೆಟ್ಟನ್ನು ತಲೆಯೇ ಹೀರಿಕೊಂಡರೆ ಮರಕ್ಕೆ ತಗಲುವುದೇನು? ಮಿದುಳು ಬಹಳ ಚಿಕ್ಕದಾಗಿರುವುದರಿಂದ ಅಷ್ಟು ಏಟನ್ನು ತಡೆದುಕೊಳ್ಳುತ್ತದೆ.

ತೆಂಗಿನ ಚಿಂತೆ ಬಿಡಿ. ಕಂದು ಮರಕುಟಿಗ ತೆಂಗಿನ ಮರಕ್ಕೆ ಏನೂ ಮಾಡುವುದಿಲ್ಲ. ಹೊಂಬೆನ್ನಿನದೂ ಬಹುತೇಕ ಮಾಡುವುದು ಉಪಕಾರವೇ, ಅದೂ ತಿನ್ನುವುದು ಇರುವೆ ಮತ್ತು ದುಂಬಿ ಮರಿಗಳನ್ನು. ಅದು ಪೊಟರೆ ಕೊರೆಯುವುದು ಸಾಮಾನ್ಯವಾಗಿ ಸುಳಿ ಸತ್ತು ನಿಂತ ಬೋಳು ತೆಂಗಿನಲ್ಲಿ. ಮರ ಸಾಯುತ್ತಿರುವುದು ಕಂಡು ಅದೇ ಹೊತ್ತಿಗೆ ಹಕ್ಕಿಯೂ ಕಂಡು, ಹಕ್ಕಿಯೇ ಕೊಂದಿತು ಎಂದು ತೀರ್ಮಾನಿಸುವವರು ಮಂಡ್ಯ ಕಡೆ ಬಹಳ. ಸುಳಿ ಕೊರೆದದ್ದು ಕುರುವಾಯಿ ದುಂಬಿಯೋ, ಬೊಡ್ಡೆಯೊಳಗೆ ಸೇರಿದ್ದು ಕೆಂಪು ಮೂತಿ ಹುಳುವೋ ಎಂದು ನೋಡಿ. ಎಳನೀರಿನ ತೊಟ್ಟಿನ ಹತ್ತಿರ ದುಂಡನೆಯ ತೂತು ಬಿದ್ದು ಕಾಯಿ ಉದುರುತ್ತಿದ್ದರೆ ಅದು ಇಲಿಯ ಕೆಲಸ.

ಹಾಗಾದರೆ ಇರುವೆ ಗೂಡನ್ನು ಏನು ಮಾಡಬೇಕು?

ಈಗಂತೂ ಮುಟ್ಟಬೇಡಿ. ಮರಕುಟಿಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮೊಟ್ಟೆ-ಮರಿ ಇರುವ ಗೂಡು ನಾಶ ಮಾಡುವುದು ಅಪರಾಧ. ಕಾನೂನು ಹಾಗಿರಲಿ. ಇದು ಬೇರೆ ಮರಕ್ಕೆ ಹೋಗಿ ಮತ್ತೆ ಗೂಡು ಕಟ್ಟಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೆ ಬೇಕಾದದ್ದು ಒಣಮರವಲ್ಲ, ತಕ್ಕ ಗಾತ್ರದ, ತಕ್ಕ ಎತ್ತರದ, ಇರುವೆಗಳು ವರ್ಷಗಟ್ಟಲೆ ಕಟ್ಟಿ ಬೆಳೆಸಿದ ಗೂಡು. ಅಂಥವು ಸುತ್ತಮುತ್ತ ಎಷ್ಟಿವೆ ಎಂದು ಒಂದು ಸುತ್ತು ನಡೆದು ಎಣಿಸಿ ನೋಡಿ. ಕಾಡಿನ ಮರಕುಟಿಗಗಳನ್ನು ಉಳಿಸುವ ಮಾತು ಬಂದಾಗ ನಾವೆಲ್ಲ ಒಣಮರ ಉಳಿಸಿ, ಹಳೇ ಮರ ಕಡಿಯಬೇಡಿ ಎನ್ನುತ್ತೇವೆ. ಕಬಿನಿ ಹಿನ್ನೀರಿನ ಆಚೆ ಕಾಡಿನಲ್ಲಿ ಕಾಣುವ, ಅರ್ಧ ಮೀಟರಿನಷ್ಟು ಉದ್ದದ ಕಪ್ಪು ಮರಕುಟಿಗಕ್ಕೆ ಅದು ಸರಿಯಾದ ಮಾತು. ಕಂದು ಮರಕುಟಿಗಕ್ಕೆ ಅದಷ್ಟೇ ಸಾಲದು. ಮರಗಳೆಲ್ಲ ನಿಂತಿದ್ದು ಇರುವೆ ಗೂಡುಗಳು ಹೋದರೂ ಈ ಹಕ್ಕಿ ಹೋಗುತ್ತದೆ. ಇದರ ಮನೆಯನ್ನು ಯಾರೂ ಮನೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೋಟದ ಕಸ ಎಂದು ಸುಟ್ಟು ಹಾಕುತ್ತೇವೆ.

ನಿಮ್ಮ ಗಡಿಯಾಚೆಯ ವಯನಾಡಿನಲ್ಲಿ ಇದೇ ನಡೆಯುತ್ತದೆ. ನೆರಳಿನ ಕಾಫಿ ತೋಟಗಳಲ್ಲಿ ಈ ಕಪ್ಪಿರುವೆಗಳು ಕಂದು ಮರಕುಟಿಗಕ್ಕೂ ಇತರ ಕಾಡುಹಕ್ಕಿಗಳಿಗೂ ಎಷ್ಟು ಮುಖ್ಯವಾದ ಆಹಾರ ಎಂದು ಅಲ್ಲಿ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ತೋಟದವರಿಗೂ ಇರುವೆಯ ಮೇಲೆ ಸಿಟ್ಟಿಗೆ ಕಾರಣವಿದೆ. ಹಣ್ಣು ಬಿಡಿಸುವಾಗ ಕಚ್ಚುತ್ತವೆ, ಜೊತೆಗೆ ಗಿಡದ ರಸ ಹೀರುವ ಶಲ್ಕ ಕೀಟ, ಹಿಟ್ಟು ತಿಗಣೆಗಳನ್ನು ಸಾಕುತ್ತವೆ. ಅವು ಸುರಿಸುವ ಸಿಹಿ ಅಂಟನ್ನು ಕುಡಿಯುತ್ತವೆ, ಬದಲಿಗೆ ಅವನ್ನು ಶತ್ರುಗಳಿಂದ ಕಾಯುತ್ತವೆ. ನಿಮ್ಮ ಮಾವಿನ ಚಿಗುರಿನಲ್ಲೂ ಬಿಳಿ ಹಿಟ್ಟು ಕಂಡರೆ ಅದರ ಸುತ್ತ ಇರುವೆ ಸಾಲು ಇದ್ದೇ ಇರುತ್ತದೆ. ಅದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ, ಬೆಳೆ ನಿಮ್ಮದು.

ಅದಕ್ಕೆ ದಾರಿ ಬೆಂಕಿಯಲ್ಲ, ಔಷಧಿಯೂ ಅಲ್ಲ. ಇರುವೆ ಗೂಡಿಗೆ ಕೀಟನಾಶಕ ಹೊಡೆದರೆ ಅರೆಜೀವದ ಇರುವೆಗಳನ್ನು ಹಕ್ಕಿ ತಿನ್ನುತ್ತದೆ, ಮರಿಗೂ ತಿನ್ನಿಸುತ್ತದೆ. ಫಲ ಕೊಡುವ ಉಳಿದ ಮರಗಳ ಬೊಡ್ಡೆಗೆ ಎದೆಮಟ್ಟದಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಸವರಿ. ತೊಗಟೆಗೆ ನೇರವಾಗಿ ಗ್ರೀಸ್ ಬಳಿಯಬೇಡಿ. ಇರುವೆ ಅದನ್ನು ದಾಟುವುದಿಲ್ಲ, ಕಾವಲು ತಪ್ಪಿದ ಹಿಟ್ಟು ತಿಗಣೆಗಳನ್ನು ಗುಲಗಂಜಿ ಹುಳುಗಳೇ ತಿಂದು ಮುಗಿಸುತ್ತವೆ. ಆದರೆ ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗುತ್ತಿದ್ದರೆ ಪಟ್ಟಿ ಕಟ್ಟಿಯೂ ಪ್ರಯೋಜನವಿಲ್ಲ, ತಾಗುವ ರೆಂಬೆಗಳನ್ನು ಸವರಲೇಬೇಕು. ಧೂಳು ಮೆತ್ತಿ ಗ್ರೀಸ್ ಒಣಗಿದರೆ ಮತ್ತೆ ಬಳಿಯಬೇಕು. ಗೂಡಿರುವ ಬದುವಿನ ಮರವನ್ನು ಮಾತ್ರ ಇರುವೆಗೇ ಬಿಟ್ಟುಕೊಡಿ. ಹಳೇ ಮರ ಅಂದಿದ್ದೀರಿ, ಅದರ ಕಾಯಿಯ ಲೆಕ್ಕ ನಿಮಗೇ ಗೊತ್ತು. ಈ ಸಲ ಆ ಮರದ ಕಾಯಿಯನ್ನು ಕೆಳಗಿನಿಂದ ದೋಟಿಯಲ್ಲಿ ಕೀಳಿಸಿ, ಗೂಡಿರುವ ಕವಲನ್ನು ಅಲುಗಿಸದೆ.

ಗೂಡು ಶುರುವಾಗಿ ಮರಿ ಹಾರುವ ತನಕ ಒಂದೂವರೆ-ಎರಡು ತಿಂಗಳ ಬಿಡುವು ಕೊಡಿ. ಅಪ್ಪ ಅಮ್ಮ ತಿನಿಸು ತಂದು ಬಾಗಿಲಲ್ಲೇ ಕೊಟ್ಟು ಹೊರಟರೆ ಮರಿ ದೊಡ್ಡವಾಗಿವೆ ಎಂದರ್ಥ. ಒಂದು ವಾರ ಓಡಾಟವೇ ಕಾಣದಿದ್ದರೆ ಮರಿ ಹಾರಿವೆ, ಇಲ್ಲವೇ ಗೂಡು ಕೈಬಿಟ್ಟಿವೆ. ಆಮೇಲೂ ಗೂಡನ್ನು ಉಳಿಸಿದರೆ ಇರುವೆಗಳು ತೂತನ್ನು ರಿಪೇರಿ ಮಾಡಿಕೊಳ್ಳಬಹುದು.

ಫೋಟೋ ತೆಗೆಯುವ ಗೆಳೆಯರನ್ನು ಕರೆಯುವ ಮುಂಚೆ ಸ್ವಲ್ಪ ಯೋಚಿಸಿ. ಇರುವೆ ಗೂಡಿನಿಂದ ತಲೆ ಹೊರಹಾಕಿದ ಮರಕುಟಿಗದ ಚಿತ್ರಕ್ಕೆ ಮೈಸೂರಿನಿಂದಷ್ಟೇ ಅಲ್ಲ, ಬೆಂಗಳೂರಿನಿಂದಲೂ ಜೀಪು ಬರುತ್ತದೆ. ಎಲೆ ಅಡ್ಡ ಬಂತೆಂದು ರೆಂಬೆ ಮುರಿಯುವವರು, ಮೊಬೈಲಿನಲ್ಲಿ ಅದರ ಕೂಗು ಹಾಕಿ ಹೊರಗೆ ಎಳೆಯುವವರು ಎಲ್ಲರೂ ಅದರಲ್ಲಿರುತ್ತಾರೆ. ಗೂಡಿನ ಜಾಗವನ್ನು ಗ್ರೂಪಿನಲ್ಲಿ ಹಾಕಬೇಡಿ. ನಿಮ್ಮ ಮನೆಯ ಮಕ್ಕಳು ದೂರದಲ್ಲಿ ಕೂತು ಯಾವ ಹೊತ್ತಿಗೆ ಯಾವುದು ಬಂತು, ಕೆಂಪು ಮಚ್ಚೆ ಇತ್ತೇ ಇಲ್ಲವೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಈ ಹಕ್ಕಿಯ ಗೂಡಿನ ಬದುಕಿನ ಬಗ್ಗೆ ಈಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಇಂಥ ಬಿಡಿ ಬಿಡಿ ಟಿಪ್ಪಣಿಗಳಿಂದಲೇ ಬಂದದ್ದು. ಮುಖ್ಯವಾಗಿ ಒಂದನ್ನು ಗಮನಿಸಿ ಬರೆಯಿರಿ: ಮರಿ ಇರುವಾಗ ಗೂಡಿನ ಹೊರಮೈಯಲ್ಲಿ ಇರುವೆಗಳ ಓಡಾಟ ಹಿಂದಿನಷ್ಟೇ ಇದೆಯೇ, ಕಡಿಮೆಯಾಗಿದೆಯೇ.

ಪೆಟ್ಟಿಗೆಯ ಮಾತು ಕೊನೆಗೆ ಉಳಿಯಿತು. ಈ ಹಕ್ಕಿ ಪೆಟ್ಟಿಗೆಗೆ ಬರುವುದಿಲ್ಲ, ಎಷ್ಟು ಒಳ್ಳೆಯ ಹಲಗೆಯಲ್ಲಿ ಮಾಡಿಸಿದರೂ. ಇರುವೆ ಗೂಡಿಗೆ ಬದಲಿ ಎಂಬುದು ಇದಕ್ಕಿಲ್ಲ. ಮಾಡಿಸಿ ಇಟ್ಟಿದ್ದರೆ ಹಾಳು ಮಾಡಬೇಡಿ, ಮನೆ ಹತ್ತಿರದ ಮರಕ್ಕೆ ಕಟ್ಟಿ. ಮಡಿವಾಳ ಹಕ್ಕಿಯೋ ಗೊರವಂಕವೋ ಸೇರಿಕೊಂಡೀತು. ಮಾವಿನಮರದಿಂದ ಮಾತ್ರ ದೂರ ಇರಲಿ.